ಎತ್ತದ ಫೋನು

ನವೆಂಬರ್ 3, ಸೋಮವಾರ

ಇವತ್ತು ಇಡೀ ದಿನ ಒಂದು ಸಾಲಿನ ಜೊತೆ ಜಗಳ. ಯಾರಿಗೆ ಹೇಳಿದರೂ ನಗುತ್ತಾರೆ, ಅದಕ್ಕೇ ಇಲ್ಲಿ ಬರೆಯುವುದು. ಕಬಕದ ಪೀಜಿಯಲ್ಲಿ ನನ್ನ ಜೊತೆ ಇರುವವಳು ಬ್ಯಾಂಕ್ ಪರೀಕ್ಷೆಗೆ ಓದುವವಳು. "ಕೆಲಸ ಉಂಟಲ್ಲ ನಿಂಗೆ, ಸುಮ್ಮನಿರು" ಅಂದಳು.

ನಮ್ಮ ಆಫೀಸು ಪುತ್ತೂರಿನಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲೆ. ಗಿರಿಧರ ಸರ್ ಯಜಮಾನರು, ಶಾನವಾಝ್ ಹಳಬ, ನಾನು ಹೊಸಬಳು. ಈಗ ಮಾಡುತ್ತಿರುವುದು ಆನೆ ಬಂದರೆ ಫೋನು ಮಾಡುವ ವ್ಯವಸ್ಥೆ. ಕಡಬದಿಂದ ಸಂಪಾಜೆಯ ತನಕದ ಬೆಳೆಗಾರರ ಸಂಘವೊಂದು ಮಾಡಿಸುತ್ತಿದೆ. ಕಾಡಂಚಿನ ಕಾವಲಿನವ ಆನೆ ಕಂಡ ಕೂಡಲೇ ಬಟನ್ ಒತ್ತಿದರೆ ಆ ವಾರ್ಡಿನ ಎಲ್ಲರ ಫೋನು ರಿಂಗ್ ಆಗಬೇಕು. ಎತ್ತಿದರೆ "ಆನೆ ಬಂದಿದೆ, ಎಚ್ಚರ" ಎಂದು ಒಂದು ಸ್ವರ. ಸ್ವರ ನನ್ನದೇ, ಸರ್ ರೆಕಾರ್ಡ್ ಮಾಡಿಸಿದ್ದು. ಪ್ರೋಗ್ರಾಮ್ ಬರೆದವರು ಅವರಿಬ್ಬರು, ಜಾವಾದಲ್ಲಿ. ಅದು ಸರಿ ಉಂಟೋ ಎಂದು ಪರೀಕ್ಷೆ ಬರೆಯುವವಳು ನಾನು. ಹದಿನೇಳಕ್ಕೆ ಸಂಘಕ್ಕೆ ಒಪ್ಪಿಸಬೇಕು. ಅಷ್ಟರೊಳಗೆ ಪರೀಕ್ಷೆಗಳೆಲ್ಲ ಹಸಿರಾಗಿರಬೇಕು. ತಪ್ಪಿದ್ದರೆ ಕೆಂಪು, ಸರಿಯಿದ್ದರೆ ಹಸಿರು, ಅಷ್ಟೇ ನನ್ನ ಪ್ರಪಂಚ.

ಪರೀಕ್ಷೆ ಮಾಡುವಾಗ ನಿಜವಾಗಿ ಜನರಿಗೆ ಫೋನು ಹೋಗಬಾರದಲ್ಲ. ಅದಕ್ಕೆ ನಿಜದ ಜಾಗದಲ್ಲಿ ಒಂದು ಡಮ್ಮಿ ಕೂರಿಸುತ್ತೇವೆ. "ಇದನ್ನು ಕೇಳಿದರೆ ಹೀಗೆ ಉತ್ತರ ಕೊಡು" ಎಂದು ಅದಕ್ಕೆ ಮೊದಲೇ ಕಲಿಸಬೇಕು. ಆದರೆ ಪ್ರೋಗ್ರಾಮಿನ ಕೆಲವು ಮೆಥಡ್‌ಗಳು, ಅಂದರೆ ಒಂದೊಂದು ಕೆಲಸದ ತುಂಡುಗಳು, ಉತ್ತರವನ್ನೇ ಕೊಡುವುದಿಲ್ಲ. ಹೇಳಿದ ಕೆಲಸ ಮಾಡುತ್ತವೆ, ಬಾಯಿ ಬಿಡುವುದಿಲ್ಲ. ವಾಯ್ಡ್ ಅಂತ ಹೆಸರು. ನನ್ನ ಅಪ್ಪ, ನಮ್ಮ ಚಾಚನ್ ಹಾಗೆ. ಅಂಥದ್ದಕ್ಕೆ ಉತ್ತರ ಕಲಿಸಲು ಹೋದರೆ ಜಾವಾ ಒಪ್ಪದೆ ಕೆಂಪು ಗೆರೆ ಎಳೆದು ಕೂರುತ್ತದೆ. ಮಧ್ಯಾಹ್ನದ ಊಟ ಬಿಟ್ಟು ಗುದ್ದಾಡಿದೆ.

ಕೊನೆಗೆ ಶಾನವಾಝ್ ಬಂದು ನೋಡಿ ನಕ್ಕ. "ಎಂತ ಮಾರಾಯ್ತಿ, ಉತ್ತರ ಕೊಡದವನಿಗೆ ಉತ್ತರ ಕಲಿಸುದಾ? ಉಲ್ಟಾ ಬರೀಬೇಕು. ಮೊದಲು 'ಏನೂ ಮಾಡ್ಬೇಡ' ಅನ್ನು. ಯಾರಿಗೆ, ಯಾವುದಕ್ಕೆ ಅಂತ ಆಮೇಲೆ ಹೇಳು."

ಡೂ ನಥಿಂಗ್. ಹಾಗೇ ಬರೆದೆ. "ಬರೀದಿದ್ರೂ ಡಮ್ಮಿ ಸುಮ್ಮನೇ ಇರ್ತದೆ. ಬರೆದ್ರೆ ಓದುವವರಿಗೆ ಗೊತ್ತಾಗ್ತದೆ, ಅಷ್ಟೇ" ಎಂದ. ಹಸಿರಾಯಿತು.

ಒಂದು ಜಂಬ ಬರೆದಿಡುತ್ತೇನೆ. "ಮೂರು ಸಲ ರಿಂಗ್ ಆದರೂ ಎತ್ತದವನಿಗೆ ನಾಲ್ಕನೇ ಸಲ ಆನೆ ಬಂದಾಗ ಫೋನು ಹೋಗುತ್ತದಾ?" ಈ ಪರೀಕ್ಷೆ ಯಾರೂ ಹೇಳದೆ ನಾನೇ ಯೋಚಿಸಿ ಬರೆದದ್ದು. ಅದರ ನಡುವೆಯೂ ಒಂದು ವಾಯ್ಡ್ ಇತ್ತು, ನಂಬರುಗಳ ಪಟ್ಟಿಗೆ ಏನೋ ಹೇಳುವಂಥದ್ದು. ಅದನ್ನೂ ಏನೂ ಮಾಡಬೇಡ ಎಂದು ಕೂರಿಸಿದೆ. ಫೋನು ಹೋಗುತ್ತದೆ. ಹಸಿರು.

ನವೆಂಬರ್ 5, ಬುಧವಾರ

ಬೆಳಿಗ್ಗೆ ಹಲ್ಲುಜ್ಜುವಾಗ ಅಮ್ಮಚ್ಚಿಯ, ಅಂದರೆ ನನ್ನ ಅಮ್ಮನ, ಫೋನು. ನಮ್ಮ ಮನೆಮಾತು ಮಲಯಾಳ, ನನಗೆ ಬರೆಯಲು ಬರುವುದು ಕನ್ನಡ. ಹಾಗಾಗಿ ಈ ಪುಸ್ತಕದಲ್ಲಿ ಅಮ್ಮಚ್ಚಿಯೂ ಕನ್ನಡವೇ ಮಾತಾಡಲಿ, ಮಗಳೇ ಎನ್ನುವ 'ಮೋಳೇ' ಒಂದನ್ನು ಬಿಟ್ಟು.

"ಮೋಳೇ, ನಿನ್ನ ಆನೆ ಫೋನು ಬಂತು!"

ಕಡಬದ ಹತ್ತಿರದ ನಮ್ಮ ವಾರ್ಡಿನಲ್ಲಿ ನಿನ್ನೆಯಿಂದ ಪ್ರಯೋಗ ಶುರು. ಚಾಚನ್ ಮೇಲಿನ ತೋಟದಲ್ಲಿ ಮರ ಗೀರಿ ಹಾಲು ಇಳಿಸುತ್ತಾ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರಂತೆ. ಕಿಸೆಯಲ್ಲಿ ರಿಂಗ್ ಆಯಿತಂತೆ. ಕತ್ತಿ ಹಿಡಿದುಕೊಂಡೇ ಶೆಡ್ಡಿಗೆ ಬಂದು ನಿಂತರಂತೆ. ಸ್ವಲ್ಪ ಹೊತ್ತಿಗೆ ಕೆಳಗಿನ ತೋಡಿನಲ್ಲಿ ಆನೆ ದಾಟಿತು. ಆಚೆ ಗುಡ್ಡೆಯ ಚನಿಯಪ್ಪಣ್ಣನ ಬಾಳೆ ಹೋಯಿತು, ಮನುಷ್ಯರಿಗೆ ಏನೂ ಆಗಲಿಲ್ಲ.

"ಎತ್ತಿ ಕೇಳಿದರಾ? ನನ್ನ ಸ್ವರ ಹೇಗುಂಟು?"

"ಎತ್ತುದು ಎಂತಕ್ಕೆ? ಕೈ ಇಡೀ ರಬ್ಬರ್ ಹಾಲು. ಕಿಸೆಗೆ ಕೈ ಹಾಕಿದ್ರೆ ಅಂಗಿ ಕತೆ ಮುಗೀತು. ರಿಂಗ್ ಆದ್ರೆ ಆನೆ ಉಂಟು, ಆಗದಿದ್ರೆ ಇಲ್ಲ. ಆ ನಂಬರಿಗೆ ಚನಿಯಪ್ಪಣ್ಣ ಎಲ್ಲರ ಫೋನಿಗೂ ಚೆಂಡೆಯ ರಿಂಗ್‌ಟೋನ್ ಹಾಕಿ ಕೊಟ್ಟಿದ್ದಾರೆ."

ಎಷ್ಟು ಕಷ್ಟಪಟ್ಟು ಸ್ವರ ಕೊಟ್ಟೆ, ಕೇಳುವವರೇ ಇಲ್ಲ. ನಮ್ಮೂರಿನವರು ಮಿಸ್ ಕಾಲ್‌ನಲ್ಲೇ ಸಂಸಾರ ಮಾಡುವವರು. ಬಸ್ಸು ಹತ್ತಿದರೆ ಮನೆಗೆ ಒಂದು ಮಿಸ್ ಕಾಲ್, ಇಳಿದರೆ ಎರಡು. ಅಪ್ಪಿತಪ್ಪಿ ಎತ್ತಿದರೆ ಬೈಗುಳ. ಕಾಲ್ ಫ್ರೀ ಆಗಿ ಎಷ್ಟೋ ವರ್ಷವಾಯಿತು, ಬುದ್ಧಿ ಮಾತ್ರ ಅಲ್ಲೇ ಉಳಿದಿದೆ.

ಆಮೇಲೆ ಫೋನು ಚಾಚನ್ ಕೈಗೆ ಹೋಯಿತು. "ಬಂತು" ಎಂದರು. ಅಷ್ಟೇ. ಆದರೂ ದಿನವಿಡೀ ಖುಷಿಯಾಗಿದ್ದೆ.

ನವೆಂಬರ್ 9, ಭಾನುವಾರ

ಊರಿಗೆ ಬಂದಿದ್ದೇನೆ. ಶುಕ್ರವಾರ ಮತ್ತು ನಿನ್ನೆ ಬೆಳಿಗ್ಗೆಯೂ ರಿಂಗ್ ಆಯಿತಂತೆ. ಚರ್ಚಿನ ಅಂಗಳದಲ್ಲಿ ಎಲ್ಲರಿಗೂ ಅದೇ ಮಾತು. "ಲೂಕೋಸನ ಮಗಳ ಫೋನು" ಎಂದೇ ಹೆಸರಾಗಿಬಿಟ್ಟಿದೆ. ಚಾಚನ್ ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡರು. ಕಿವಿ ಕೆಂಪಾಗಿತ್ತು.

ಮನೆಗೆ ಬಂದರೆ ಜಗಲಿಯಲ್ಲಿ ಚನಿಯಪ್ಪಣ್ಣ. "ಹಿಂದೆ ನಾನು ಆ ಗುಡ್ಡೆಯಿಂದ ಕೂ ಹಾಕಿದ್ರೆ ನಿನ್ನಪ್ಪ ಈ ಗುಡ್ಡೆಯಿಂದ ಕೂ ಹಾಕುದು. ಈಗ ನನ್ನ ಗಂಟಲಿಗೆ ಪೆನ್ಷನ್ ಕೊಟ್ಟಿ ನೋಡು" ಎಂದರು. ನಿಜ, ನಾನು ಸಣ್ಣವಳಿದ್ದಾಗ ಬೆಳಗಾಗುತ್ತಿದ್ದದ್ದೇ ಇವರಿಬ್ಬರ ಕೂಗಿಗೆ.

ಒಂದು ಮಾತ್ರ ಸರಿ ಕಾಣಲಿಲ್ಲ. ಆನೆ ಬರಲು ಶುರುವಾದ ಮೇಲೆ ಚಾಚನ್ ಬೆಳಕು ಹರಿಯುವ ತನಕ ಕಾಯುತ್ತಿದ್ದರು. ಬಿಸಿಲೇರಿದರೆ ಹಾಲು ಇಳಿಯುವುದು ಕಮ್ಮಿ, ಆದರೂ ಕಾಯುತ್ತಿದ್ದರು. ಈಗ ಮತ್ತೆ ತಲೆಗೆ ಲೈಟು ಕಟ್ಟಿಕೊಂಡು ಕತ್ತಲೆಯಲ್ಲೇ ಹೊರಡುತ್ತಾರಂತೆ. ಇದು ಯಾಕೆ ಎಂದು ಗದರಿಸಿದೆ.

"ನಿನ್ನ ಫೋನು ಉಂಟಲ್ಲ" ಎಂದರು.

ಗದರಿಸಲು ಬಂದವಳು ನಗುತ್ತಾ ಒಳಗೆ ಹೋದೆ.

ನವೆಂಬರ್ 11, ಮಂಗಳವಾರ

ಸರ್ ಖುಷಿಯಲ್ಲಿದ್ದಾರೆ. ದಿನದಿಂದ ದಿನಕ್ಕೆ ಹೊರಹೋಗುವ ಕರೆಗಳು ಇಳಿಯುತ್ತಿವೆಯಂತೆ. "ಪಟ್ಟಿ ಕ್ಲೀನ್ ಆಗ್ತಾ ಉಂಟು" ಎಂದರು. ಏನು ಕ್ಲೀನು ಎಂದು ಕೇಳಲಿಲ್ಲ, ನನಗೆ ಇನ್ನೂ ಬರೆಯಲು ರಾಶಿ ಪರೀಕ್ಷೆ ಉಂಟು. ಅಮ್ಮಚ್ಚಿಯೂ ಹೇಳಿದರು, ಶನಿವಾರದ ಮೇಲೆ ರಿಂಗೇ ಇಲ್ಲ, ಆನೆ ಸಂಪಾಜೆ ಕಡೆ ಹತ್ತಿರಬೇಕು ಎಂದು. ಒಳ್ಳೆಯದಾಯಿತು.

ನವೆಂಬರ್ 13, ಗುರುವಾರ

ಚನಿಯಪ್ಪಣ್ಣ ಬೆಳಿಗ್ಗೆ ಕೆರೆಯ ಪಂಪು ಹಾಕಲು ಹೋದವರು ಆನೆಯ ಎದುರಿಗೇ ಸಿಕ್ಕಿದ್ದಾರೆ. ಓಡುವಾಗ ಕೆರೆಯ ಕಟ್ಟದಿಂದ ಬಿದ್ದು ಕಾಲು ಮುರಿದಿದೆ. ಆನೆ ತಿರುಗಿ ನೋಡದೆ ಹೋಯಿತು, ಅದು ದೇವರ ದಯೆ.

ಫೋನು ರಿಂಗ್ ಆಗಲಿಲ್ಲವಂತೆ. ನೆಟ್‌ವರ್ಕ್ ಇರಲಿಲ್ಲ ಎಂದು ಊರಿನವರು. ನೆಟ್‌ವರ್ಕ್ ಎಂದು ಸರ್. ನಾನೂ ಅಮ್ಮಚ್ಚಿಗೆ ನೆಟ್‌ವರ್ಕ್ ಎಂದೆ.

ಕೆರೆಯ ಹತ್ತಿರ ನೆಟ್‌ವರ್ಕ್ ಉಂಟು. ನಾನು ಕಾಲೇಜಿಗೆ ಹೋಗುವಾಗ ಪಾಠ ಡೌನ್‌ಲೋಡ್ ಮಾಡುತ್ತಿದ್ದದ್ದೇ ಆ ಕಟ್ಟದ ಮೇಲೆ ಕೂತು.

ನವೆಂಬರ್ 14, ಶುಕ್ರವಾರ

ಬೆಳಿಗ್ಗೆ ಹೋದ ಕೂಡಲೇ ಶಾನವಾಝ್ ಹತ್ತಿರ ನಿನ್ನೆಯ ಕರೆಗಳ ದಾಖಲೆ ತೆಗೆಸಿದೆ. ಚನಿಯಪ್ಪಣ್ಣನ ನಂಬರಿಗೆ ಕರೆ ಹೋಗಿ ತಾಗದೆ ಇದ್ದದ್ದಲ್ಲ. ಕರೆ ಹೊರಡಲೇ ಇಲ್ಲ.

ಆಗ ಆ ವಾಯ್ಡ್ ಮೆಥಡ್ ತೆರೆದು ಓದಿದೆ. ಹನ್ನೊಂದು ದಿನದ ಹಿಂದೆ ಓದಬೇಕಿತ್ತು. ಮೂರು ಸಲ ಎತ್ತದಿದ್ದರೆ ಆ ನಂಬರು ಸತ್ತದ್ದೆಂದು ಲೆಕ್ಕ, ಪಟ್ಟಿಯಿಂದ ಹೊರಗೆ. ಅದು ಯಾರಿಗೂ ಏನೂ ಹೇಳದೆ ಮಾಡುವ ಕೆಲಸ ಇದು. ಪರೀಕ್ಷೆಯಲ್ಲಿ ಅದನ್ನು ಏನೂ ಮಾಡಬೇಡ ಎಂದು ಕೂರಿಸಿದ್ದು ನಾನೇ. ಹಾಗಾಗಿ ನನ್ನ ಪರೀಕ್ಷೆಯಲ್ಲಿ ಯಾರ ನಂಬರೂ ಹೋಗಲಿಲ್ಲ, ನಾಲ್ಕನೇ ಸಲವೂ ಫೋನು ಹೋಯಿತು, ಹಸಿರಾಯಿತು. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೆ. ಉತ್ತರ ಗೊತ್ತಿದ್ದವನ ಬಾಯಿಗೆ ನಾನೇ ಬಟ್ಟೆ ತುರುಕಿದ್ದೆ.

ಡಮ್ಮಿಗೆ ನಿಜದ್ದು ಮಾಡುವುದನ್ನೇ ಮಾಡಲು ಕಲಿಸಿದೆ. ಡೂ ನಥಿಂಗ್ ತೆಗೆದು ಡೂ ಆನ್ಸರ್ ಎಂದು ಬರೆದರೆ ವಾಯ್ಡ್‌ಗೂ ಕೆಲಸ ಹಚ್ಚಬಹುದು. ಓಡಿಸಿದೆ. ಕೆಂಪು.

ಪಟ್ಟಿ ನೋಡಿದೆ. ನಮ್ಮ ವಾರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಲ್ಲ. ಟ್ಯಾಪಿಂಗ್ ಮಾಡುವವರು ಒಬ್ಬರೂ ಇಲ್ಲ. ಚಾಚನ್ ಶನಿವಾರದಿಂದ ಇಲ್ಲ. ಊರಿನಲ್ಲಿ ಎಲ್ಲರೂ ರಿಂಗ್ ಇಲ್ಲ, ಆನೆ ಇಲ್ಲ ಎಂದು ನೆಮ್ಮದಿಯಾಗಿದ್ದಾರೆ. ಚಾಚನ್ ಆರು ದಿನದಿಂದ ಆ ನೆಮ್ಮದಿಯಲ್ಲೇ ಕತ್ತಲೆಗೆ ಹೋಗುತ್ತಿದ್ದಾರೆ.

ಸರ್ ಹತ್ತಿರ ಹೋದೆ. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು.

"ಲಿನ್ಸಿ, ನಾನೇ ಹಾಕಿದ ನಿಯಮ ಅದು. ಎತ್ತದ ಕರೆ ಜಾಸ್ತಿ ಆದ್ರೆ ಫೋನ್ ಕಂಪನಿಯವರು ನಮ್ಮ ನಂಬರನ್ನೇ ಬಂದ್ ಮಾಡ್ತಾರೆ. ಆಗ ಒಬ್ಬರಿಗೂ ಹೋಗುದಿಲ್ಲ. ಅದು ಆಗ್ಬಹುದಾ?"

"ಆದರೆ ಸರ್, ಊರಿನಲ್ಲಿ ಯಾರೂ ಎತ್ತುದಿಲ್ಲ."

"ಎತ್ತಲಿಕ್ಕೆ ಹೇಳುವ. ಸೋಮವಾರ ಒಪ್ಪಿಸಿ ಆಗ್ಲಿ. ಪಟ್ಟಿಯ ಒಂದು ಪ್ರತಿ ಸಂಘಕ್ಕೆ ಹೋಗಿ ಆಗಿದೆ, ಈಗ ಕೈ ಹಾಕಿದ್ರೆ ಎಲ್ಲ ಅಡಿಮೇಲು. ಆ ಕೆಂಪು ಪರೀಕ್ಷೆ ಸದ್ಯಕ್ಕೆ ತೆಗೆದಿಡಿ."

ತೆಗೆದಿಟ್ಟೆ.

ಸಂಜೆ ಶಾನವಾಝ್ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದ. ಪರೀಕ್ಷೆಗೆಂದು ಇಟ್ಟ ಒಂದು ನಂಬರಿನ ಜಾಗ ಅವನ ಕೈಯಲ್ಲಿ ಉಂಟು, ಅದಕ್ಕೆ ಸರ್ ಒಪ್ಪಿಗೆ ಬೇಡ. "ನಿನ್ನ ಅಪ್ಪನದ್ದು ಹಾಕುದಾ?" ಎಂದ. ಯೋಚಿಸಿದೆ. ಒಬ್ಬರದ್ದು ಹಾಕಿದರೆ ಉಳಿದವರ ಗತಿ ಏನು? ನನ್ನ ನಂಬರು ಹಾಕಿಸಿದೆ. ನಾನು ಎತ್ತುವವಳು. ಬಂದ ಕೂಡಲೇ ಎಲ್ಲರಿಗೂ ನಾನೇ ಫೋನು ಮಾಡಿ ಹೇಳಬಹುದಲ್ಲ.

ನವೆಂಬರ್ 16, ಭಾನುವಾರ

ನಿನ್ನೆ ಬೆಳಿಗ್ಗೆ ಕೆಟ್ಟದ್ದೇನೂ ಬರಲಿಲ್ಲ. ಸಂಜೆ ಊರಿಗೆ ಬಂದೆ. ಇವತ್ತು ಭಾನುವಾರ, ಟ್ಯಾಪಿಂಗ್ ಇಲ್ಲ, ಹಾಗಾಗಿ ಉಸಿರಾಡಿದೆ.

ಹೇಳಬೇಕೆಂದೇ ಬಂದವಳು. ಚರ್ಚಿನಿಂದ ಬರುವಾಗ ದಾರಿಯಲ್ಲಿ ಹೇಳೋಣ ಎಂದುಕೊಂಡೆ. ಅಲ್ಲಿ ಯಾರೋ ಚಾಚನ್ ಬೆನ್ನು ತಟ್ಟಿ, "ನಿನ್ನ ಮಗಳ ಫೋನು ಬಂದ ಮೇಲೆ ಆನೆಗೇ ಹೆದರಿಕೆ ಮಾರಾಯ" ಎಂದರು. ಚಾಚನ್ ನಕ್ಕರು. ಅವರು ಜನರ ಎದುರು ನಕ್ಕದ್ದನ್ನು ನಾನು ನೋಡಿದ್ದು ಕಮ್ಮಿ. ಹೇಳಲು ಬಾಯಿ ಬರಲಿಲ್ಲ.

ಚನಿಯಪ್ಪಣ್ಣನನ್ನು ನೋಡಲು ಹೋದೆ. ಕಾಲಿಗೆ ಪ್ಲಾಸ್ಟರ್, ಜಗಲಿಯಲ್ಲಿ ಮಂಚ. "ನೆಟ್‌ವರ್ಕಿನ ಕತೆ ಮಾರಾಯ್ತಿ, ನೀನೆಂತ ಮಾಡುದು ಅದಕ್ಕೆ? ಬೇಜಾರು ಮಾಡ್ಬೇಡ" ಎಂದು ನನಗೇ ಸಮಾಧಾನ ಹೇಳಿದರು. ಅವರು ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಸಂಜೆ ಚಾಚನ್ ಟ್ಯಾಪಿಂಗ್ ಕತ್ತಿ ಮಸೆಯುತ್ತಿದ್ದರು. ಎದುರು ಕೂತೆ.

"ಚಾಚಾ, ನಾಳೆ ಬೆಳಕಾದ ಮೇಲೆ ಹೋಗಿ. ನಾಳೆ ಒಂದು ದಿನ."

ಕತ್ತಿಯ ಅಂಚನ್ನು ಬೆರಳಿನಿಂದ ನೋಡಿದರು. ಮತ್ತೆ ಮಸೆದರು. ಏನೂ ಹೇಳಲಿಲ್ಲ.

ಮೌನಂ ಸಮ್ಮತಿ ಲಕ್ಷಣಂ. ಒಪ್ಪಿದರು ಎಂದು ಎದ್ದು ಬಂದೆ. ಫೋನು ಬರುವುದಿಲ್ಲ ಎಂಬುದನ್ನು ಹೇಳಲೇ ಇಲ್ಲ. ನಾಳೆ ಒಪ್ಪಿಸಿ ಆದರೆ ಸರ್ ಸರಿ ಮಾಡುತ್ತಾರೆ. ಒಂದು ಬೆಳಗಿನ ಮಾತು.

ನವೆಂಬರ್ 17, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪುತ್ತೂರಿನ ಮೊದಲ ಬಸ್ಸಿಗೆ ಹೊರಟೆ, ಇನ್ನೂ ಕತ್ತಲೆ. ಚಾಚನ್ ಅಡುಗೆಮನೆಯಲ್ಲಿ ಹಾಲಿಲ್ಲದ ಕಟ್ಟನ್ ಚಾಯ ಕುಡಿಯುತ್ತಿದ್ದರು. ಕೂತಿದ್ದಾರಲ್ಲ, ಮಾತು ಕೇಳಿದರು ಎಂದುಕೊಂಡೆ.

ಬಸ್ಸು ಆಲಂಕಾರು ದಾಟುವಾಗ ನನ್ನ ಫೋನು ರಿಂಗ್ ಆಯಿತು. ಎತ್ತಿದೆ. "ಆನೆ ಬಂದಿದೆ, ಎಚ್ಚರ." ನನ್ನದೇ ಸ್ವರ, ನಮ್ಮದೇ ವಾರ್ಡು.

ಮನೆಗೆ ಮಾಡಿದೆ. "ಚಾಚನ್ ಎಲ್ಲಿ?"

"ಮೇಲಿನ ತೋಟಕ್ಕೆ ಹೋದ್ರು. ನೀನು ಗೇಟು ದಾಟಿದ ಕೂಡಲೇ."

"ಬೇಡ ಅಂದಿದ್ದೆನಲ್ಲ ನಾನು!"

"ಅವರು ಹೂಂ ಅಂದಿದ್ರಾ ಮೋಳೇ?"

"ಆನೆ ಬಂದಿದೆ ಅಮ್ಮಚ್ಚೀ."

"ಹೌದಾ? ಅವರಿಗೆ ಫೋನು ಬರ್ತದಲ್ಲ, ಬರ್ತಾರೆ."

"ಬರುದಿಲ್ಲ. ಅವರಿಗೆ ಫೋನು ಬರುದಿಲ್ಲ. ಪಟ್ಟಿಯಲ್ಲಿ ಅವರಿಲ್ಲ." ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಹೀಗೆ, ಬಸ್ಸಿನೊಳಗೆ ಕಿರುಚಿ. "ನೀವು ತೋಟಕ್ಕೆ ಓಡಬೇಡಿ, ಮನೆಯಲ್ಲೇ ಇರಿ" ಎಂದು ಇಟ್ಟೆ.

ಚಾಚನ್‌ಗೆ ಮಾಡಿದೆ. ಪೂರ್ತಿ ರಿಂಗ್ ಆಗಿ ನಿಂತಿತು. ಮತ್ತೆ ಮಾಡಿದೆ. ಪೂರ್ತಿ ರಿಂಗ್ ಆಗಿ ನಿಂತಿತು. ಕೇಳಿಸಿತೋ ಇಲ್ಲವೋ, ಫೋನು ಕಿಸೆಯಲ್ಲಿ ಉಂಟೋ ನೆಲದಲ್ಲಿ ಬಿದ್ದಿದೆಯೋ, ಯಾರಿಗೆ ಗೊತ್ತು? ನನ್ನ ಕರೆ ಅಲ್ಲಿ ಹೋಗಿ ಏನು ಮಾಡಿತು ಎಂದು ಹೇಳಲು ಒಂದು ಪಿಳ್ಳೆಯೂ ಇಲ್ಲ. ಎಲ್ಲರಿಗೂ ನಾನೇ ಹೇಳುತ್ತೇನೆ ಎಂದು ಬುದ್ಧಿವಂತಿಕೆ ಮಾಡಿದವಳು ನಾನು. ಆ ನಂಬರಿಗೆ ಚೆಂಡೆ, ನನ್ನ ನಂಬರಿಗೆ ಚೆಂಡೆ ಇಲ್ಲ, ಅಷ್ಟೂ ಹೊಳೆಯಲಿಲ್ಲ.

ಆಗ ನೆನಪಾದದ್ದು ಚನಿಯಪ್ಪಣ್ಣ. ಮೊದಲ ರಿಂಗಿಗೇ ಎತ್ತಿದರು.

"ಏನು ಲಿನ್ಸಿ, ಇಷ್ಟು ಬೇಗ? ನನಗೀಗ ಫೋನು ಎತ್ತುದೇ ಕೆಲಸ."

"ಚನಿಯಪ್ಪಣ್ಣ, ಚಾಚನ್ ಮೇಲಿನ ತೋಟದಲ್ಲಿ. ಆನೆ ಉಂಟು. ಫೋನು ಎತ್ತುದಿಲ್ಲ. ಕೂ ಹಾಕ್ತೀರಾ?"

ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಅವರು. ಫೋನನ್ನು ಮಂಚದ ಮೇಲೆ ಇಟ್ಟ ಸದ್ದು. ಆಮೇಲೆ ಕೂ. ಪೆನ್ಷನ್ ಆದ ಗಂಟಲು, ಆದರೆ ಎಂಥ ಗಂಟಲು.

ಬಸ್ಸಿನ ಸದ್ದಿಗೆ ಆಚೆಯದ್ದು ಕೇಳಿಸುತ್ತಿರಲಿಲ್ಲ. ಟಿಕೇಟಿಗೆಂದು ಬಂದ ಕಂಡಕ್ಟರ್ ನನ್ನ ಮುಖ ನೋಡಿ, "ಎಂತಾಯ್ತು?" ಎಂದರು. "ಅಪ್ಪ. ಆನೆ" ಎಂದೆ, ಅಷ್ಟೇ ಬಂತು. ಅವರು ಸೀಟಿ ಊದಿದರು. ಡ್ರೈವರ್ ಬದಿಗೆ ತಂದು ಇಂಜಿನ್ ಬಂದ್ ಮಾಡಿದರು. ರಬ್ಬರಿಗೋ ಅಡಿಕೆಗೋ ಆಫೀಸಿಗೋ ಹೊರಟ ಜನ, ಒಬ್ಬರೂ ಮಾತಾಡಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಕೈಯಲ್ಲಿ ಹಿಡಿದು ಕೂತೆ.

ಕೂ ಎಂದರು ಚನಿಯಪ್ಪಣ್ಣ. ಏನೂ ಇಲ್ಲ. ಮತ್ತೆ ಕೂ. ಏನೂ ಇಲ್ಲ, ಯಾವುದೋ ಹಕ್ಕಿ. ಹಿಂದಿನ ಸೀಟಿನ ಹೆಂಗಸು ನನ್ನ ಹೆಗಲ ಮೇಲೆ ಕೈಯಿಟ್ಟರು. ಚನಿಯಪ್ಪಣ್ಣ ಮಂಚದಲ್ಲಿ ಏಳಲು ಹೋಗಿ ನೋವಿಗೆ ನರಳಿದ್ದು ಕೇಳಿಸಿತು. ಆಮೇಲೆ ಅವರು ಹಾಕಿದ ಕೂ ಮೊದಲಿನೆರಡರ ಹಾಗಿರಲಿಲ್ಲ. ಅದರಲ್ಲಿ ಹೆದರಿಕೆ ಇತ್ತು.

ಆಗ ತುಂಬ ದೂರದಿಂದ, ಸಪೂರವಾಗಿ, ಒಂದು ಕೂ.

"ಬಂತು" ಎಂದರು ಚನಿಯಪ್ಪಣ್ಣ. ಅವರಿಗೂ ಏದುಸಿರು. "ಲೂಕೋಸನದ್ದೇ. ನನ್ನ ಕಿವಿಗೆ ಗೊತ್ತಿಲ್ವಾ? ಬಂಡೆಯ ಆಚೆ ಬದಿಯಿಂದ ಇಳೀತಾ ಇದ್ದಾನೆ, ಇನ್ನು ಹೆದರಿಕೆ ಇಲ್ಲ. ನೀನು ಅಳಬೇಡ, ಮಾರಾಯ್ತಿ."

ಅತ್ತೆ. ಇಡೀ ಬಸ್ಸಿನ ಎದುರು ಅತ್ತೆ. ಸವಣೂರು ಬರುವಾಗ ಅಮ್ಮಚ್ಚಿಯ ಫೋನು ಬಂತು, ಮನೆ ಮುಟ್ಟಿದರು ಎಂದು. ಆನೆ ಚಾಚನ್ ಟ್ಯಾಪಿಂಗ್ ಮಾಡುವ ಸಾಲಿನ ಕೊನೆಗೇ ಬಂದು ನಿಂತಿತ್ತಂತೆ.

ಆಫೀಸಿಗೆ ಹೋದವಳೇ ಮೊದಲು ಮಾಡಿದ್ದು, ತೆಗೆದಿಟ್ಟ ಪರೀಕ್ಷೆಯನ್ನು ವಾಪಸು ಹಾಕಿದ್ದು. ಶಾನವಾಝ್ ನೋಡಿದ. ಹತ್ತು ಗಂಟೆಗೆ ಸಂಘದ ಅಧ್ಯಕ್ಷರು ಜಯಪ್ರಕಾಶ್ ಬಂದರು, ಸುಳ್ಯದ ಕಡೆಯವರು. ಸರ್ ದೊಡ್ಡ ಪರದೆಯಲ್ಲಿ ಪರೀಕ್ಷೆಗಳನ್ನು ಓಡಿಸಿದರು. ಹಸಿರು, ಹಸಿರು, ಹಸಿರು, ಮತ್ತೆ ಒಂದು ಕೆಂಪು.

ಸರ್ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ.

"ಮೂರು ಸಲ ಎತ್ತದವರಿಗೆ ಆಮೇಲೆ ಫೋನೇ ಹೋಗುದಿಲ್ಲ ಸರ್. ಪಟ್ಟಿಯಿಂದ ತೆಗೆದು ಬಿಡ್ತದೆ. ಮೊನ್ನೆ ಒಬ್ಬರ ಕಾಲು ಮುರಿದದ್ದು ನೆಟ್‌ವರ್ಕಿನಿಂದ ಅಲ್ಲ. ಇದು ಕಾಣದ ಹಾಗೆ ಪರೀಕ್ಷೆ ಬರೆದವಳು ನಾನು."

"ಎತ್ತದವರಿಗೆ?" ಜಯಪ್ರಕಾಶರು ನಕ್ಕರು. "ನಮ್ಮಲ್ಲಿ ಎತ್ತುದು ಯಾರು? ನಾನೇ ಎತ್ತುದಿಲ್ಲ." ಹೇಳಿದ ಮೇಲೆ ನಗು ನಿಂತಿತು. "ನನ್ನ ನಂಬರು ನೋಡಿ" ಎಂದರು.

ಸರ್ ಹುಡುಕಿದರು. ಇರಲಿಲ್ಲ.

ಆಮೇಲೆ ತುಂಬ ಹೊತ್ತು ಜೋರು ಮಾತು. ಕಂಪನಿಯವರು ನಂಬರು ಬಂದ್ ಮಾಡಿದರೆ ಏನು ಗತಿ ಎಂದು ಸರ್ ಕೇಳಿದ್ದು ಸುಳ್ಳಲ್ಲ. "ಹಾಗಾದರೆ ಎತ್ತುದು ಬೇಡ" ಎಂದೆ ನಾನು. "ಒಂದೇ ರಿಂಗ್ ಕೊಟ್ಟು ನಾವೇ ಕಟ್ ಮಾಡುವ ಹಾಗೂ ಬೇಡ. ಪೂರ್ತಿ ರಿಂಗ್ ಆಗಲಿ. ಕೇಳಿದವರು ಶೆಡ್ಡಿಗೆ ಬಂದು ನಮಗೆ ಒಂದು ಮಿಸ್ ಕಾಲ್ ಕೊಡಲಿ. ಅದು ಬಂದರೆ ನಂಬರಿಗೆ ಜೀವ ಉಂಟು ಅಂತ ಲೆಕ್ಕ, ಕಂಪನಿಯವರಿಗೂ ತೋರಿಸಬಹುದು. ಬಾರದಿದ್ದರೆ ತೆಗೆಯುದಲ್ಲ, ಹತ್ತಿರದ ಮನೆಯವರಿಗೆ ಫೋನು ಹೋಗಲಿ, ಹುಡುಕಲಿಕ್ಕೆ."

"ಕೂ ಹಾಕಿದ ಹಾಗೆ" ಎಂದರು ಜಯಪ್ರಕಾಶ್.

ತೆಗೆದ ನಂಬರುಗಳನ್ನೆಲ್ಲ ಸರ್ ಅಲ್ಲೇ ಕೂತು ವಾಪಸು ಹಾಕಿದರು. ಹೋಗುವಾಗ, ನಾಳೆಯಿಂದ ನಾನು ಬರಬೇಕಾ ಬೇಡವಾ ಎಂದು ಕೇಳಿದೆ. ಅವರು ಪರದೆ ನೋಡುತ್ತಾ ಇದ್ದರು, ಏನೂ ಹೇಳಲಿಲ್ಲ. ಹಿಂದಿನ ನಾನಾದರೆ ಇದಕ್ಕೊಂದು ಅರ್ಥ ಕಟ್ಟಿಕೊಂಡು ಪೀಜಿಗೆ ಹೋಗುತ್ತಿದ್ದೆ. ಇವತ್ತು ಅಲ್ಲೇ ನಿಂತೆ. "ಸರ್, ಹೌದು ಅಥವಾ ಇಲ್ಲ" ಎಂದೆ.

"ಬನ್ನಿ" ಎಂದರು.

ನವೆಂಬರ್ 18, ಮಂಗಳವಾರ

ಕೆಲಸ. ಕೆಂಪು ಹಸಿರಾಗಲಿಲ್ಲ ಇನ್ನೂ. ಆಗುವಾಗ ಆಗಲಿ, ಸರಿಯಾಗಿ ಆಗಲಿ.

ನವೆಂಬರ್ 22, ಶನಿವಾರ

ಸಂಜೆ ಮನೆಗೆ ಬಂದೆ. ಚಾಚನ್ ಶೆಡ್ಡಿನಲ್ಲಿ ರಬ್ಬರ್ ಶೀಟು ಒಣಗಲು ಹಾಕುತ್ತಿದ್ದರು. ನಾನೂ ಒಂದು ತುದಿ ಹಿಡಿದೆ. ಎಲ್ಲ ಹೇಳಿದೆ. ಪರೀಕ್ಷೆ, ಡಮ್ಮಿ, ಭಾನುವಾರ ಹೇಳದೆ ಉಳಿದದ್ದು, ಎಲ್ಲ. ಅರ್ಥವಾಯಿತೋ ಇಲ್ಲವೋ, ಕೇಳಿಸಿಕೊಂಡರು.

"ಅವತ್ತು ನಿಮಗೆ ಫೋನು ಮಾಡಿದ್ದೆ ನಾನು. ಕೇಳಿಸಲಿಲ್ಲವಾ?"

"ಕೇಳಿತ್ತು. ಬಸ್ಸು ಹತ್ತಿದಿ ಅಂದ್ಕೊಂಡೆ."

"ಎರಡು ಸಲ ಮಾಡಿದೆ, ಚಾಚಾ."

"ಎರಡು ಸಲ ಆದ್ರೆ ಇಳಿದದ್ದಲ್ವಾ?" ಎಂದರು. "ಇಷ್ಟು ಬೇಗ ಪುತ್ತೂರು ಹೇಗೆ ಮುಟ್ಟಿದಳು ಅಂತ ಗ್ರಹಿಸ್ತಾ ಇದ್ದೆ. ಅಷ್ಟರಲ್ಲಿ ಚನಿಯಪ್ಪನ ಕೂ ಕೇಳಿತು."

ನಗು ಬಂತು, ಆಮೇಲೆ ನಗಲು ಆಗಲಿಲ್ಲ. ಆನೆ ಸಾಲಿನ ಕೊನೆಯಲ್ಲಿ ನಿಂತಿರುವಾಗ ಇವರು ಮಗಳ ಬಸ್ಸಿನ ಲೆಕ್ಕ ಹಾಕುತ್ತಿದ್ದರು. ಇಷ್ಟು ವರ್ಷ ಇವರು ಏನೂ ಹೇಳುವುದಿಲ್ಲ ಎಂದು ನಾನು ಸಿಟ್ಟು ಮಾಡಿದ್ದು ಎಷ್ಟು ಸಲವೋ.

ಶೀಟೆಲ್ಲ ಹಾಕಿ ಆದ ಮೇಲೆ ಅವರ ಫೋನು ತೆಗೆದುಕೊಂಡು, ಮಿಸ್ ಕಾಲ್ ಕೊಡಬೇಕಾದ ನಂಬರನ್ನು ಒಂದೇ ಒತ್ತಿಗೆ ಹೋಗುವ ಹಾಗೆ ಮಾಡಿಕೊಟ್ಟೆ. "ಕೈಯಲ್ಲಿ ಹಾಲು ಇರ್ತದೆ" ಎಂದರು. "ಉಜ್ಜಿ ತೆಗೀರಿ" ಎಂದೆ. ಹೂಂ ಎನ್ನಲಿಲ್ಲ. "ಹೂಂ ಅನ್ನಿ" ಎಂದೆ.

"ಹೂಂ."

ಡಿಸೆಂಬರ್ 1, ಸೋಮವಾರ

ಹೊಸದು ಓಡಲು ಶುರುವಾಗಿ ನಾಲ್ಕು ದಿನ. ಡೂ ನಥಿಂಗ್ ಎಂದು ಬರೆದದ್ದೆಲ್ಲ ಹುಡುಕಿ, ಒಂದೊಂದರ ಹಿಂದೆ ನಿಜದ್ದು ಏನು ಮಾಡುತ್ತದೆ ಎಂದು ಓದಿ ನೋಡಿದೆ. ಕೆಲವು ಹಾಗೇ ಇರಲಿ ಎಂದು ಬಿಟ್ಟೆ, ಕೆಲವಕ್ಕೆ ಕೆಲಸ ಹಚ್ಚಿದೆ. ಶಾನವಾಝ್‌ಗೆ ಬೇಜಾರು, ಅವನ ಹಳೆಯ ಪರೀಕ್ಷೆಗಳಲ್ಲೂ ಎರಡು ಕೆಂಪಾಗಿವೆ.

ಇವತ್ತು ಊರಿನಿಂದ ಬರುವಾಗ, ಬಸ್ಸು ಸವಣೂರು ಬಿಟ್ಟ ಮೇಲೆ, ರಿಂಗ್ ಆಯಿತು. ಎತ್ತಿದೆ. ನನ್ನ ಸ್ವರ, ನಮ್ಮ ವಾರ್ಡು. ಅದೇ ಕಂಡಕ್ಟರ್ ದೂರದಿಂದ ನನ್ನ ಮುಖ ನೋಡಿದರು. ನಾನು ಯಾರಿಗೂ ಫೋನು ಮಾಡಲಿಲ್ಲ. ಮಾಡಬಾರದು ಎಂದು ಹಠ ಹಿಡಿದು, ಫೋನನ್ನು ಮಡಿಲಲ್ಲಿಟ್ಟು ಕೂತೆ. ಮಿಸ್ ಕಾಲ್ ಬಂದವರ ಹೆಸರಿನ ಮುಂದೆ ಒಂದು ಗುರುತು ಬಿದ್ದು ನಮ್ಮ ಫೋನಿನಲ್ಲೇ ಕಾಣುವ ಹಾಗೆ ಮಾಡಿದ್ದೇವೆ. ಚನಿಯಪ್ಪಣ್ಣನ ಗುರುತು ಮೊದಲು ಬಿತ್ತು. ಅವರು ಎತ್ತಿ, ನನ್ನ ಸ್ವರ ಪೂರ್ತಿ ಕೇಳಿ, ಆಮೇಲೆ ಮಿಸ್ ಕಾಲ್ ಕೊಡುತ್ತಾರೆ. ಮತ್ತೊಂದು ಬಿತ್ತು. ಇನ್ನೊಂದು. ಚಾಚನ್‌ದು ಇಲ್ಲ. ಹೊರಗೆ ಬೆಳಕು ಬರುತ್ತಿತ್ತು, ನನಗೆ ಏನೂ ಕಾಣುತ್ತಿರಲಿಲ್ಲ.

ನರಿಮೊಗರಿನ ಹತ್ತಿರ ಚಾಚನ್ ಗುರುತು ಬಿತ್ತು.

ಅಷ್ಟು ಸಾಕಿತ್ತು. ನಿಯಮ ಅಷ್ಟೇ ಹೇಳುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ನನ್ನ ಫೋನು ಮತ್ತೆ ರಿಂಗ್ ಆಯಿತು, ಪರದೆಯಲ್ಲಿ ಚಾಚನ್ ಎಂದು. ಮನೆಯಿಂದ ಫೋನು ಮಾಡುವುದು ಯಾವಾಗಲೂ ಅಮ್ಮಚ್ಚಿ. ಇವರು ತಾನಾಗಿ ನನಗೆ ಮಾಡಿದ ನೆನಪೇ ಇಲ್ಲ. ಶೆಡ್ಡಿನಲ್ಲಿ ನಿಂತು, ಕೈಯ ಹಾಲನ್ನೆಲ್ಲ ಉಜ್ಜಿ ತೆಗೆದು, ಮೊದಲು ಆ ನಂಬರಿಗೊಂದು ಮಿಸ್ ಕಾಲ್ ಕೊಟ್ಟು, ಆಮೇಲೆ ನನ್ನ ನಂಬರು ಹುಡುಕಿರಬೇಕು.

ಬೆರಳು ತಾನಾಗಿ ಮುಂದೆ ಹೋಯಿತು. ತಡೆದೆ, ಇದು ಮಿಸ್ ಕಾಲ್. ಒಂದು ರಿಂಗ್ ಆಗಿ ಕಟ್ ಆಯಿತು. ನಾನು ಎತ್ತಲಿಲ್ಲ.